ಚಕ್ರ ಹಿಡಿದವಳು

ಮರುಳಸಿದ್ಧ ಕೇಳಿದ: “ಗುರುಗಳೇ, ಒಬ್ಬ ಮನುಷ್ಯ ದಾರಿಯಲ್ಲಿ ಕುಸಿದು ಕೂತರೆ ಜಗತ್ತೆಲ್ಲ ಅವನನ್ನು ದಾಟಿಕೊಂಡು ಹೋಗುತ್ತದೆ. ಒಬ್ಬರೂ ನಿಲ್ಲುವುದಿಲ್ಲ. ಯಾಕೆ ಹೀಗೆ?”

ಅವನು ಮಠಕ್ಕೆ ಬಂದು ಕೆಲವು ದಿನಗಳಾಗಿದ್ದವು. ಯಾಕೆ ಬಂದನೆಂದು ಯಾರಿಗೂ ಹೇಳಿರಲಿಲ್ಲ. ಕೊಟ್ಟ ಕೆಲಸ ಮಾಡುತ್ತಿದ್ದ, ಬಡಿಸಿದ್ದರಲ್ಲಿ ಅರ್ಧ ಬಿಡುತ್ತಿದ್ದ. ಆ ದಿನ ಬೆಳಿಗ್ಗೆ ಗಂಜಿ ಬಡಿಸುತ್ತ ಗುರುಗಳು “ಹೇಗಿದ್ದೀಯಪ್ಪಾ?” ಎಂದಿದ್ದರು. “ಚೆನ್ನಾಗಿದ್ದೀನಿ ಗುರುಗಳೇ” ಎಂದು ಬಟ್ಟಲು ಎತ್ತಿಕೊಂಡು ಮೂಲೆಗೆ ಹೋಗಿದ್ದ. ಈಗ ಸಂಜೆ. ಗುರುಗಳು ಜಗಲಿಯಲ್ಲಿ ಕೂತು ಅವರೆಕಾಯಿ ಸುಲಿಯುತ್ತಿದ್ದರು. ಅವನೂ ಎದುರಿಗೆ ಕೂತಿದ್ದ.

“ಒಬ್ಬರೂ ನಿಲ್ಲುವುದಿಲ್ಲ ಅಂದೆ. ಎಲ್ಲರೂ ಕೇಳಿಕೊಂಡೇ ಹೋದ ಒಬ್ಬನ ಕತೆ ಹೇಳುತ್ತೇನೆ” ಎಂದರು ಗುರುಗಳು. ಕೈಯಲ್ಲಿದ್ದ ಕಾಯನ್ನು ಬದಿಗಿಟ್ಟು ಶುರು ಮಾಡಿದರು.

ಒಂದೂರಿನಲ್ಲಿ ಒಬ್ಬ ಔಷಧಿ ಅಂಗಡಿಯವನಿದ್ದ. ಹಗಲೆಲ್ಲ ಊರಿನವರ ಕೆಮ್ಮು, ನೆಗಡಿ, ಹೊಟ್ಟೆನೋವಿಗೆ ಮಾತ್ರೆ ಕೊಡುತ್ತಿದ್ದ. ಬೆಳಗಿನ ಜಾವ ಮಾತ್ರ ಅವನು ಬೇರೆಯೇ ಮನುಷ್ಯ. ಈಗಿನವರು ಮೈ ದಂಡಿಸಲು ಕಾಡಿಗೆ ಹೋಗುವುದಿಲ್ಲ, ತಮ್ಮ ತಮ್ಮ ಊರಿನಲ್ಲೇ ದಂಡಿಸಿಕೊಳ್ಳುತ್ತಾರೆ. ಟ್ರಯಥ್ಲಾನ್ ಎಂಬ ರೇಸು ಉಂಟು. ಮೊದಲು ಕೆರೆಯಲ್ಲೋ ಅಣೆಕಟ್ಟಿನ ಹಿನ್ನೀರಿನಲ್ಲೋ ಈಜಬೇಕು. ಒದ್ದೆ ಮೈಯಲ್ಲೇ ಸೈಕಲ್ ಹತ್ತಬೇಕು. ಸೈಕಲ್ ಇಳಿದ ಮೇಲೆ ಓಡಬೇಕು. ಹಿಂದಿನಿಂದ ಯಾರೂ ಅಟ್ಟಿಸಿಕೊಂಡು ಬರುವುದಿಲ್ಲ, ಆದರೂ ಓಡುತ್ತಾರೆ. ಒಂದೊಂದು ಹಂತಕ್ಕೂ ಒಂದು ಗಡುವು. ಗಡುವು ಮೀರಿದವರ ಕಾಲಿಗೆ ಸಮಯ ಅಳೆಯಲು ಕಟ್ಟಿದ ಪಟ್ಟಿಯನ್ನು ಬಿಚ್ಚಿಕೊಂಡು ಅಲ್ಲೇ ನಿಲ್ಲಿಸಿಬಿಡುತ್ತಾರೆ. ಗೆಲ್ಲುವವರು ಯಾರೋ ಮೂವರು. ಉಳಿದವರಿಗೆ ಮುಗಿಸುವುದೇ ಗೆಲುವು.

ಔಷಧಿ ಅಂಗಡಿಯವನು ಒಮ್ಮೆಯೂ ಮುಗಿಸಿರಲಿಲ್ಲ. ಮೊದಲನೆಯ ವರ್ಷ ನೀರಿನಲ್ಲಿ ಉಸಿರು ಕಟ್ಟಿ ದೋಣಿ ಹತ್ತಿದ. ಎರಡನೆಯ ವರ್ಷ ಸೈಕಲ್ಲಿನ ಗಡುವಿಗೆ ಸ್ವಲ್ಪದರಲ್ಲಿ ತಪ್ಪಿದ. ಮೂರನೆಯ ವರ್ಷದ ಹೊತ್ತಿಗೆ ಅವನ ಮಂಡಿ ಸವೆದಿತ್ತು. ಡಾಕ್ಟರು ಹೇಳಿದರು, ಇದೊಂದು ವರ್ಷ ಓಡು, ಆಮೇಲೆ ಓಟದ ಮಾತೇ ಬೇಡ. ಅಂದರೆ ಇದೇ ಕೊನೆ. ಆ ಗೆರೆಯನ್ನು ಒಂದು ಸಲ ದಾಟಬೇಕು, ಅಷ್ಟೇ ಅವನ ಆಸೆ. ದೊಡ್ಡ ಆಸೆಯೇನಲ್ಲ, ಆದರೆ ಅವನಿಗೆ ಬೇರೆ ಆಸೆಯೂ ಇರಲಿಲ್ಲ.

ತಾನು ಮುಗಿಸದಿದ್ದರೇನು, ಕಲಿಸುವುದರಲ್ಲಿ ಅವನು ಎತ್ತಿದ ಕೈ. ಭಾನುವಾರ ಬೆಳಿಗ್ಗೆ ಊರಿನ ಸೈಕಲ್ ಗುಂಪಿಗೆ ಅವನೇ ಮೇಷ್ಟ್ರು. ಚಕ್ರ ಬಿಚ್ಚುವುದು, ಟ್ಯೂಬು ಬದಲಿಸುವುದು, ಚೈನು ಕೂರಿಸುವುದು ಎಲ್ಲವನ್ನೂ ಮಾಡಿ ತೋರಿಸುತ್ತಿದ್ದ. ರೇಸಿನ ದಿನ ಹೊಸದೇನನ್ನೂ ಸೈಕಲ್ಲಿಗೆ ಹಾಕಬೇಡಿ ಎನ್ನುತ್ತಿದ್ದ. ಹೊರಗಿನವರು ಕೈಹಾಕಿದರೆ ರೇಸಿನಿಂದ ತೆಗೆದುಬಿಡುತ್ತಾರೆ, ಓಟಗಾರರು ಮಾತ್ರ ಒಬ್ಬರಿಗೊಬ್ಬರು ಸಾಮಾನು ಕೊಡಬಹುದು, ಆದ್ದರಿಂದ ರಸ್ತೆ ಬದಿಯಲ್ಲಿ ಯಾರೇ ನಿಂತಿದ್ದರೂ ‘ಎಲ್ಲಾ ಇದೆಯಾ?’ ಎಂದು ಕೇಳದೆ ದಾಟಬೇಡಿ ಎನ್ನುತ್ತಿದ್ದ. ಆ ಗುಂಪಿಗೆ ಅದೊಂದು ವ್ರತದಂತೆ ಆಗಿಹೋಗಿತ್ತು.

ಆ ವರ್ಷ ಗುಂಪಿಗೆ ಅಂಚೆ ಕಚೇರಿಯ ಒಬ್ಬ ಹೆಂಗಸು ಸೇರಿದ್ದಳು. ಅವಳಿಗೆ ಇದೇ ಮೊದಲ ರೇಸು. ಅವನು ಹೇಳಿದ್ದೆಲ್ಲ ಅವಳಿಗೆ ವೇದವಾಕ್ಯ. ಟ್ಯೂಬಿನಲ್ಲಿ ಗಾಳಿ ತುಂಬುವ ವಾಲ್ವ್ ಗಿಡ್ಡದ್ದೂ ಬರುತ್ತದೆ, ಉದ್ದದ್ದೂ ಬರುತ್ತದೆ. ಅವನು ಅವಳಿಗೆ ಹೇಳಿದ್ದ: “ಉದ್ದದ್ದೇ ಎರಡು ಇಟ್ಕೊಳಮ್ಮಾ. ಗಿಡ್ಡದ್ದು ದಪ್ಪ ರಿಮ್ಮಿಗೆ ಆಗಲ್ಲ, ತೂತಿನಿಂದ ಹೊರಗೇ ಬರಲ್ಲ. ಉದ್ದದ್ದು ಎಲ್ಲಾ ಚಕ್ರಕ್ಕೂ ಆಗುತ್ತೆ. ನಿನಗಲ್ಲದಿದ್ರೂ ಇನ್ಯಾರಿಗಾದ್ರೂ ಬೇಕಾಗುತ್ತೆ.” ಅವಳು ಹಾಗೇ ಮಾಡಿದಳು.

ರೇಸಿಗೆ ಎರಡು ದಿನ ಇದ್ದಾಗ ಅವನ ಸ್ನೇಹಿತನೊಬ್ಬ ಮನೆಗೆ ಬಂದ. ಆ ಸ್ನೇಹಿತನ ಹತ್ತಿರ ವೇಗದ ಚಕ್ರಗಳಿದ್ದವು. ಗಾಳಿಯನ್ನು ಸೀಳಿಕೊಂಡು ಹೋಗುವಂಥ ದಪ್ಪ ರಿಮ್ಮಿನವು. “ಹೋದ ಸಲ ಸ್ವಲ್ಪದರಲ್ಲಿ ತಪ್ಪಿತಲ್ಲ. ಇದನ್ನ ಹಾಕ್ಕೊಂಡ್ರೆ ಈ ಸಲ ಗ್ಯಾರಂಟಿ” ಎಂದ. ಹೊಸದೇನೂ ಬೇಡ ಎಂದು ಊರಿಗೆಲ್ಲ ಹೇಳಿದವನು ಆ ಚಕ್ರಗಳನ್ನು ನೋಡಿದ. ಮಂಡಿಯನ್ನು ನೆನೆದ. ಇದೇ ಕೊನೆ ಎಂಬುದನ್ನು ನೆನೆದ. ತಗೊಂಡ. ಚಕ್ರ ಬದಲಾಯಿತು. ಸೀಟಿನ ಕೆಳಗಿನ ಚೀಲದಲ್ಲಿದ್ದ ಟ್ಯೂಬುಗಳು ಮಾತ್ರ ಹಳೆಯ ಚಕ್ರದವೇ ಉಳಿದವು. ಎರಡೂ ಗಿಡ್ಡ ವಾಲ್ವಿನವು. ಚೀಲ ತೆಗೆದು ನೋಡಬೇಕೆಂದು ಅವನಿಗೆ ಹೊಳೆಯಲೇ ಇಲ್ಲ. ಊರಿಗೆಲ್ಲ ಚೀಲ ತೆಗೆಸಿ ನೋಡುವವನು ಅವನು. ಅವನ ಚೀಲವನ್ನು ತೆಗೆಸಿ ನೋಡುವವರು ಯಾರು?

ರೇಸಿನ ದಿನ ಈಜು ಚೆನ್ನಾಗಿ ಆಯಿತು. ಉಸಿರು ಕಟ್ಟಲಿಲ್ಲ. ಸೈಕಲ್ ಹತ್ತಿದ. ಚಕ್ರಗಳು ಬೆಣ್ಣೆಯ ಮೇಲೆ ಜಾರಿದ ಹಾಗೆ ಹೋದವು. ಅರ್ಧ ದಾರಿ ಮುಟ್ಟುವಾಗ ಅವನ ಕೈಯಲ್ಲಿ ಸಮಯ ಬೇಕಾದಷ್ಟಿತ್ತು. ಬಯಲಿನ ರಸ್ತೆ, ಎರಡು ಕಡೆಯೂ ಜಾಲಿ. ಹಿಂದಿನ ಚಕ್ರಕ್ಕೆ ಮುಳ್ಳು ಹೊಕ್ಕಿತು.

ಅವನಿಗೆ ಗಾಬರಿಯಾಗಲಿಲ್ಲ. ಪಂಚರು ಅವನಿಗೆ ಎಷ್ಟರ ಮಾತು! ಇಳಿದು ಚಕ್ರ ಬಿಚ್ಚಿದ. ಆ ಹೊತ್ತಿಗೆ ಹೋಟೆಲಿನವನೊಬ್ಬ ದಾಟಿದ. ಭಾನುವಾರದ ಗುಂಪಿನವನೇ.

“ಎಲ್ಲಾ ಇದೆಯಾ ಸಾರ್?”

“ಇದೆ, ಇದೆ. ನೀವ್ ಹೋಗಿ.”

ಆಗ ಅದು ನಿಜವೇ. ಇದೆ ಎಂದೇ ಅವನು ತಿಳಿದಿದ್ದ. ಹಳೆಯ ಟ್ಯೂಬು ಎಳೆದು ತೆಗೆದ, ಮುಳ್ಳು ಕಿತ್ತ, ಹೊಸ ಟ್ಯೂಬು ಕೂರಿಸಿದ, ಟೈರು ಒತ್ತಿ ಒಳಗೆ ಸೇರಿಸಿದ. ಪಂಪು ತಗುಲಿಸಲು ನೋಡಿದರೆ ರಿಮ್ಮಿನ ತೂತಿನಲ್ಲಿ ಏನೂ ಇಲ್ಲ. ವಾಲ್ವ್ ಒಳಗೇ ಉಳಿದಿದೆ. ಬೆರಳು ಹಾಕಿ ನೋಡಿದ, ಸಿಗಲಿಲ್ಲ. ಚೀಲದಿಂದ ಇನ್ನೊಂದು ಟ್ಯೂಬು ತೆಗೆದ. ಅದೂ ಗಿಡ್ಡದ್ದೇ. ರಸ್ತೆಯ ಅಂಚಿನಲ್ಲಿ ಕೂತ. ಟೈರಿನೊಳಗೊಂದು, ಕೈಯಲ್ಲೊಂದು, ಎರಡೂ ಹೊಚ್ಚ ಹೊಸ ಟ್ಯೂಬುಗಳು, ಒಂದೂ ಉಪಯೋಗಕ್ಕಿಲ್ಲ.

ಅಷ್ಟರಲ್ಲಿ ಇನ್ನೊಬ್ಬ ಬಂದ. “ಎಲ್ಲಾ ಇದೆಯಾ?”

ಈಗ ಕೇಳಬೇಕಿತ್ತು. ಬಾಯಿ ತೆರೆದ. ಹೊರಗೆ ಬಂದದ್ದು ಮಾತ್ರ ಅದೇ ಮಾತು: “ಇದೆ, ಹೋಗಿ.” ಊರಿಗೆಲ್ಲ ಉದ್ದ ವಾಲ್ವು, ಗಿಡ್ಡ ವಾಲ್ವು ಎಂದು ಪಾಠ ಹೇಳಿದವನು ಗಿಡ್ಡದ್ದು ಇಟ್ಟುಕೊಂಡು ಬಂದಿದ್ದಾನೆ ಎಂದು ಹೇಗೆ ಹೇಳಿಯಾನು? ಮುಂದಿನವರನ್ನು ಕೇಳೋಣ ಎಂದುಕೊಂಡ. ಮುಂದಿನವನು ಬಂದಾಗ ಇನ್ನೊಂದು ತೊಡಕು. ಆಗಲೇ ಇಬ್ಬರಿಗೆ ಇದೆ ಎಂದಾಗಿದೆ. ಇವನಿಗೆ ಇಲ್ಲ ಎಂದರೆ ಆಮೇಲೆ ಅವರು ಸೇರಿ ಮಾತಾಡಿಕೊಳ್ಳುವುದಿಲ್ಲವೇ? ಇವನಿಗೂ ಇದೆ ಎಂದ. ಒಂದು ಸಲ ‘ಇದೆ’ ಎಂದರೆ ಇನ್ನೊಂದು ಸಲ ‘ಇಲ್ಲ’ ಎನ್ನುವುದು ಎಷ್ಟು ಕಷ್ಟ ನೋಡು. ಆಮೇಲಾಮೇಲೆ ಅವನು ಇನ್ನೊಂದು ಉಪಾಯ ಕಂಡುಕೊಂಡ. ಸೈಕಲ್ಲಿನ ಸದ್ದು ಕೇಳಿಸಿದ ಕೂಡಲೆ ಬಗ್ಗಿ, ಚಕ್ರಕ್ಕೆ ಪಂಪು ಹಿಡಿದು, ಗಾಳಿ ಹೊಡೆಯುವವನಂತೆ ಹೊಡೆಯುತ್ತಿದ್ದ. ಅವರು ದಾಟಿದ ಮೇಲೆ ಪಂಪು ಕೆಳಗಿಟ್ಟು ಕೂರುತ್ತಿದ್ದ. ಬಿಸಿಲೇರಿತು. ಒಬ್ಬೊಬ್ಬರಾಗಿ ಎಲ್ಲರೂ ದಾಟಿದರು. ಕೇಳದೆ ದಾಟಿದವರು ಒಬ್ಬರೂ ಇಲ್ಲ. ಅಷ್ಟು ಚೆನ್ನಾಗಿ ಕಲಿಸಿದ್ದ ಪುಣ್ಯಾತ್ಮ.

ಎಲ್ಲರಿಗಿಂತ ಕೊನೆಗೆ ಬಂದವಳು ಅಂಚೆ ಕಚೇರಿಯ ಹೆಂಗಸು. ಅವಳಿಗೆ ಗಡುವಿಗೆ ಬೇಕಾದಷ್ಟೇ ಸಮಯವಿತ್ತು, ಹೆಚ್ಚಿಲ್ಲ. ಉಳಿದವರು ಕೇಳುತ್ತ ದಾಟಿದ್ದರು. ಇವಳು ಸೈಕಲ್ ನಿಲ್ಲಿಸಿ ಇಳಿದೇಬಿಟ್ಟಳು.

“ಸಾರ್! ಏನಾಯ್ತು? ಎಲ್ಲಾ ಇದೆಯಾ?”

“ಇದೆಯಮ್ಮಾ. ಗಾಳಿ ಒಂದು ತುಂಬಿದ್ರೆ ಆಯ್ತು. ನೀನು ನಿಂತ್ಕೋಬೇಡ.”

“ನನ್ನ ಹತ್ರ ಎರಡು ಟ್ಯೂಬಿದೆ ಸಾರ್. ಉದ್ದದ್ದೇ. ನೀವೇ ಹೇಳಿದ್ರಲ್ಲ.”

ಇನ್ನೇನು ಬೇಕು ಒಬ್ಬ ಮನುಷ್ಯನಿಗೆ! ಬೇಕಾದದ್ದು ಎದುರಿಗೆ ಬಂದು, ಹೆಸರು ಹೇಳಿ, ತಗೋ ಎನ್ನುತ್ತಿದೆ. ಅವನು ತೂತಿನ ಮೇಲೆ ಅಂಗೈ ಮುಚ್ಚಿಕೊಂಡ. “ಟ್ಯೂಬ್ ಹಾಕಾಯ್ತಮ್ಮಾ. ಗಾಳಿ ಅಷ್ಟೇ ಬಾಕಿ” ಎಂದ.

ಅವಳು ನಂಬಿದಳು. ನಂಬಿದವಳು ಹೊರಟುಬಿಡಬೇಕಿತ್ತು. ಆದರೆ ಒಬ್ಬನೇ ಚಕ್ರ ಹಿಡಿದು ಪಂಪು ಹೊಡೆಯುವುದು ಕಷ್ಟ ಎಂದು ಅವಳಿಗೆ ಕಲಿಸಿದವನೂ ಅವನೇ. “ನಾನು ಹಿಡ್ಕೋತೀನಿ, ನೀವು ಹೊಡೀರಿ” ಎಂದು ಮಂಡಿಯೂರಿ ಕೂತು ಎರಡು ಕೈಯಲ್ಲೂ ಚಕ್ರದ ಕಡ್ಡಿಗಳನ್ನು ಗಟ್ಟಿಯಾಗಿ ಹಿಡಿದುಕೊಂಡಳು. ಅವನಿಗೆ ದಾರಿ ಉಳಿಯಲಿಲ್ಲ. ಅಂಗೈಯ ಮರೆಯಲ್ಲಿ ಪಂಪನ್ನು ಬರಿಯ ತೂತಿಗೆ ಒತ್ತಿಕೊಂಡು ಹೊಡೆಯತೊಡಗಿದ. ಅವಳು ಹಿಡಿದಿದ್ದಳು. ಅವನು ಹೊಡೆಯುತ್ತಿದ್ದ. ಗಾಳಿ ಎಲ್ಲಿಗೂ ಹೋಗುತ್ತಿರಲಿಲ್ಲ. ಅವಳ ಹಣೆಯ ಬೆವರು ಟೈರಿನ ಮೇಲೆ ಬೀಳುವುದನ್ನು ಅವನು ನೋಡಿದ. ಹೊಡೆಯುತ್ತಲೇ ಹೋದ. ಅವಳ ಸಮಯ ಹೀಗೆ ಅವನ ಕೈಯಲ್ಲೇ ಸೋರಿತು.

ಕೊನೆಗೆ ಅವನೇ ಹೇಳಿದ: “ಆಯ್ತು, ತುಂಬ್ತು. ನೀನು ಹೊರಡು. ಚಕ್ರ ಹಾಕ್ಕೊಂಡು ಹಿಂದೇನೇ ಬರ್ತೀನಿ.”

“ನಿಜವಾಗ್ಲೂ ಬರ್ತೀರಲ್ಲ ಸಾರ್? ಇದು ಕೊನೇದು ಅಂದಿದ್ರಿ.”

“ಬರ್ತೀನಿ. ಹೋಗಮ್ಮಾ.”

ಅವಳು ಹೋದಳು. ಅವನು ಹೇಳಿದ ಮಾತು ತಪ್ಪಲಿಲ್ಲ, ಹಿಂದೆಯೇ ಹೋದ. ಹೋದದ್ದು ಜೀಪಿನಲ್ಲಿ. ಕೈಬಿಟ್ಟವರನ್ನು ಎತ್ತಿಕೊಂಡು ಬರಲು ಒಂದು ಜೀಪು ಇರುತ್ತದೆ. ಅದು ಬಂದು ಸೈಕಲ್ಲನ್ನೂ ಚಕ್ರವನ್ನೂ ಹಿಂದೆ ಹಾಕಿಕೊಂಡು ಅವನನ್ನು ಮುಂದೆ ಕೂರಿಸಿಕೊಂಡಿತು. ಸ್ವಲ್ಪ ದೂರದಲ್ಲೇ ಅವಳು ಕಂಡಳು. ಕೊನೆಯವರನ್ನು ಜೀಪು ದಾಟುವಂತಿಲ್ಲ, ನಿಧಾನವಾಗಿ ಅವಳ ಹಿಂದೆ ಹೋಗತೊಡಗಿತು.

ಅವಳು ತಿರುಗಿ ನೋಡುತ್ತಿದ್ದಳು. ನಾಲ್ಕು ತುಳಿತ ತುಳಿಯುವುದು, ತಿರುಗಿ ನೋಡುವುದು. ಮೇಷ್ಟ್ರು ಬಂದರೇ ಎಂದು ನೋಡುತ್ತಿದ್ದಳು. ಕಾಣದಿದ್ದಾಗ ಕಾಲು ನಿಧಾನ ಮಾಡುತ್ತಿದ್ದಳು. ಔಷಧಿ ಅಂಗಡಿಯವನು ಗಡಿಯಾರ ನೋಡಿದ. ಅವನಿಗೆ ಈ ಲೆಕ್ಕವೆಲ್ಲ ಬಾಯಿಪಾಠ. ಈಗ ತಲೆ ತಗ್ಗಿಸಿ ತುಳಿದರೆ ಇನ್ನೂ ಮುಟ್ಟುತ್ತಾಳೆ. ಹೀಗೆ ಕಾದುಕೊಂಡು ಹೋದರೆ ಮುಟ್ಟುವುದಿಲ್ಲ.

ಜೀಪಿನ ಡ್ರೈವರು ಹೇಳಿದ: “ಆಯಮ್ಮ ಯಾರನ್ನೋ ಹುಡುಕ್ತಾ ಇದಾರೆ ಅನ್ಸುತ್ತೆ. ನಿಮಗೆ ಗೊತ್ತಿರೋರಾ? ಒಂದು ಕೂಗು ಹಾಕಿ ಸಾರ್.”

ಒಂದು ಕೂಗು. ‘ನಾನು ಇಲ್ಲಿದ್ದೀನಿ, ನನಗೆ ಕಾಯಬೇಡ’ ಎಂದರೆ ಮುಗಿಯಿತು. ತನ್ನ ರೇಸು ಹೋಗಿತ್ತು, ಅವಳದ್ದು ಹೋಗಿರಲಿಲ್ಲ. ಕಿಟಕಿಯಿಂದ ತಲೆ ಹೊರಗೆ ಹಾಕಬೇಕು, ಅಷ್ಟೇ. ಅಷ್ಟರಲ್ಲಿ ಅವಳು ಮತ್ತೆ ತಿರುಗಿದಳು. ಅವನು ಸೀಟಿನಲ್ಲಿ ಜಾರಿ ತಲೆ ಕೆಳಗೆ ಮಾಡಿಕೊಂಡ. ಕಾಲಿನ ಪಟ್ಟಿ ಸರಿಮಾಡಿಕೊಳ್ಳುವವನಂತೆ ಬಗ್ಗಿಯೇ ಕೂತ. ಡ್ರೈವರು ಎರಡನೆಯ ಸಲ ಹೇಳಲಿಲ್ಲ. ಉಳಿದ ದಾರಿಯನ್ನು ಅವನು ಹಾಗೇ ಬಗ್ಗಿಕೊಂಡು ಮುಗಿಸಿದ.

ಸೈಕಲ್ ಇಳಿಯುವ ಜಾಗದಲ್ಲಿ ರೇಸು ನಡೆಸುವವನೊಬ್ಬ ಕೈ ಅಡ್ಡ ಹಿಡಿದು ನಿಂತಿದ್ದ. ಅವಳು ಬಂದು ನಿಂತಳು. ಗಡುವು ಆಗಷ್ಟೇ ಮೀರಿತ್ತು. ಆ ಮನುಷ್ಯ ಬಗ್ಗಿ ಅವಳ ಕಾಲಿನ ಪಟ್ಟಿ ಬಿಚ್ಚಿಕೊಂಡ. ಅವಳು ಜಗಳ ಆಡಲಿಲ್ಲ. “ನಮ್ಮ ಸಾರ್ ಒಬ್ರು ಹಿಂದೆ ಇದಾರೆ, ಇನ್ನೇನು ಬಂದ್ಬಿಡ್ತಾರೆ, ಅವರನ್ನಾದ್ರೂ ಬಿಡಿ” ಎಂದು ಅವನನ್ನೇ ಕೇಳಿಕೊಂಡಳು. ಆಗ ಜೀಪು ಬಂದು ನಿಂತಿತು. ಅವಳ ಸಾರ್ ಇಳಿದರು.

ಅವಳಿಗೆ ಮೊದಲು ಅರ್ಥವಾಗಲಿಲ್ಲ. ಅವನ ಮುಖ ನೋಡಿದಳು. ಜೀಪಿನ ಹಿಂದೆ ಹೋಗಿ ಚಕ್ರ ನೋಡಿದಳು. ಟೈರನ್ನು ಹೆಬ್ಬೆರಳಿನಿಂದ ಒತ್ತಿದಳು. ಅದು ರಿಮ್ಮಿಗೆ ಅಂಟುವವರೆಗೆ ಒಳಗೆ ಹೋಯಿತು. ಕೈ ಸರಿಸುತ್ತ ಸರಿಸುತ್ತ ತೂತಿನ ಹತ್ತಿರ ಬಂದಳು. ಅಲ್ಲಿ ಏನೂ ಇರಲಿಲ್ಲ. ಬೆರಳನ್ನು ಅಲ್ಲೇ ಇಟ್ಟುಕೊಂಡು ಅವನ ಕಡೆ ತಿರುಗಿದಳು.

“ನಾನು ಹಿಡ್ಕೊಂಡಿದ್ದೆನಲ್ಲ ಸಾರ್” ಎಂದಳು.

ಅವಳು ಕೂಗಾಡಿದ್ದರೆ ಅವನಿಗೆ ಸಮಾಧಾನವಾಗುತ್ತಿತ್ತೇನೋ. ಅವಳು ತನ್ನ ಸೈಕಲ್ಲನ್ನು ತಳ್ಳಿಕೊಂಡು ಹೋದಳು. ಸೀಟಿನ ಕೆಳಗಿನ ಚೀಲದಲ್ಲಿ ಎರಡು ಟ್ಯೂಬುಗಳು ಕಟ್ಟು ಬಿಚ್ಚದೆ ಹಾಗೇ ಇದ್ದವು.

ಗುರುಗಳು ಕತೆ ನಿಲ್ಲಿಸಿ ಮತ್ತೆ ಅವರೆಕಾಯಿಗೆ ಕೈಹಾಕಿದರು. ಮರುಳಸಿದ್ಧ ಕಾದ. ಅವರು ಮುಂದುವರಿಸುವಂತೆ ಕಾಣಲಿಲ್ಲ.

“ಆಮೇಲೆ?” ಎಂದ.

“ಆಮೇಲೇನು? ಅಂಗಡಿ ಬಾಗಿಲು ತೆರೆದ. ಬಂದವರು ರೇಸು ಏನಾಯಿತು ಎಂದು ಕೇಳಿದರು. ಸೈಕಲ್ ಕೈಕೊಟ್ಟಿತು ಎಂದ. ಎಲ್ಲರೂ ಅಯ್ಯೋ ಪಾಪ ಎಂದರು. ಮಂಡಿ ಮತ್ತೆ ಓಡಲು ಬಿಡಲಿಲ್ಲ. ಆ ಹೆಂಗಸು ಭಾನುವಾರ ಬರುವುದನ್ನು ನಿಲ್ಲಿಸಿದಳು. ಅಂಚೆ ಕಚೇರಿಗೆ ಅವನು ಹೋದರೆ ಎದ್ದು ನಿಂತು ಮಾತಾಡಿಸುತ್ತಾಳೆ. ಹೇಗಿದ್ದೀರಿ ಸಾರ್ ಎನ್ನುತ್ತಾಳೆ. ಚೆನ್ನಾಗಿದ್ದೀನಮ್ಮಾ ಎನ್ನುತ್ತಾನೆ. ಅವಳು ತಲೆಯಾಡಿಸಿ ಕೆಲಸಕ್ಕೆ ಕೂರುತ್ತಾಳೆ. ಅವನ ಮಾತನ್ನು ಅವಳು ಈಗ ನಂಬುವುದಿಲ್ಲ. ಅದು ಅವನಿಗೂ ಗೊತ್ತು.”

ಮರುಳಸಿದ್ಧನಿಗೆ ಸಿಟ್ಟು ಬಂದಿತ್ತು. ಕೈಯಲ್ಲಿದ್ದ ಕಾಯಿಯ ಸಿಪ್ಪೆಯನ್ನು ಅಂಗಳಕ್ಕೆ ಎಸೆದ.

“ಎಂಥ ಮನುಷ್ಯ ಗುರುಗಳೇ ಅವನು! ಅಷ್ಟು ಜನ ಕೇಳಿಕೊಂಡು ಹೋದರು. ಆಯಮ್ಮ ನಿಂತು ಕೇಳಿದಳು. ‘ಇಲ್ಲ’ ಅನ್ನೋ ಒಂದು ಮಾತು ಹೇಳಲಿಕ್ಕೆ ಏನಾಗಿತ್ತು ಅವನಿಗೆ?”

ಗುರುಗಳು ಮೊರವನ್ನು ಪಕ್ಕಕ್ಕೆ ಸರಿಸಿದರು. ಅವನ ಮುಖವನ್ನೇ ನೋಡುತ್ತ ಹೇಳಿದರು:

“ಬೆಳಿಗ್ಗೆ ಕೇಳಿದ್ದನ್ನೇ ಇನ್ನೊಂದು ಸಲ ಕೇಳುತ್ತೇನೆ ಮರುಳಸಿದ್ಧಾ, ಹೇಗಿದ್ದೀಯಪ್ಪಾ?”

ಮರುಳಸಿದ್ಧ ಬಾಯಿ ತೆರೆದ. “ಚೆನ್ನಾಗಿ...” ಎಂದು ಹೊರಟವನು ಮಾತನ್ನು ಅಲ್ಲೇ ಹಿಡಿದುಕೊಂಡ.